ಕಣದ ಸ್ಪೀಕರ್

ಕೊಟ್ಟಿಗೆಹಾರದಲ್ಲಿ, ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳು ಕಾಫಿಗೆಂದು ನಿಲ್ಲುವ ಜಾಗದಿಂದ ನಾಲ್ಕು ಅಂಗಡಿ ದಾಟಿದರೆ ಒಂದು ಸೌಂಡ್ ಅಂಗಡಿ ಸಿಗುತ್ತದೆ. ಅದರ ಮುಂದಿನ ಅರ್ಧ ಬರೀ ಗಾಜು, ಬೆಳಕು. ಹಿಂದಿನ ಅರ್ಧ ಬರೀ ಧೂಳು, ಕತ್ತಲೆ. ಮುಂದಿನ ಅರ್ಧದಲ್ಲಿ ಉಬೈದ್ ಮೊಬೈಲು, ಚಾರ್ಜರು, ವೈರಿಲ್ಲದೆ ಹಾಡುವ ಸ್ಪೀಕರುಗಳನ್ನು ಮಾರುತ್ತಾನೆ. ಹಿಂದಿನ ಅರ್ಧದಲ್ಲಿ ಅವನ ಅಪ್ಪ ಜಿಯಾಉದ್ದೀನ್ ಸಾಬರು, ವಯಸ್ಸು ಅರವತ್ತೇಳು, ಮರದ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರ ಬೆನ್ನಿನ ಹಿಂದಿನ ಶೆಲ್ಫಿನಲ್ಲಿ ಹಳೆಯ ಆಂಪ್ಲಿಫೈಯರುಗಳು, ಟೇಪ್ ಡೆಕ್ಕುಗಳು ಒಂದರ ಮೇಲೊಂದು ಕೂತಿವೆ. ಗಿರಾಕಿಗಳು ಮುಂದಿನ ಅರ್ಧದಲ್ಲೇ ವ್ಯಾಪಾರ ಮುಗಿಸಿ ವಾಪಸು ಹೋಗುತ್ತಾರೆ. ಹಿಂದಕ್ಕೆ ಬರುವವರು ಬಾತ್‌ರೂಮ್ ಎಲ್ಲಿ ಎಂದು ಕೇಳುವವರು ಮಾತ್ರ.

ಹೀಗಿರಲಿಲ್ಲ. ಒಂದು ಕಾಲಕ್ಕೆ ಜಿಯಾ ಸಾಬರು ಅಂಗಡಿಯಲ್ಲಿ ಸಿಗುವುದೇ ಅಪರೂಪವಾಗಿತ್ತು. ಮೂಡಿಗೆರೆಯಿಂದ ಕಳಸದವರೆಗಿನ ಎಸ್ಟೇಟ್ ಬಂಗಲೆಗಳಲ್ಲಿ ಯಾವ ಮೂಲೆಯಲ್ಲಿ ಯಾವ ಸೆಟ್ ಇದೆ, ಯಾವುದಕ್ಕೆ ಸಿಡಿಲು ಬಡಿದಿತ್ತು, ಯಾವುದರೊಳಗೆ ಇಲಿ ಮರಿ ಹಾಕಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರ ತಂದೆ ಎಸ್ಟೇಟ್ ಲಾರಿಗಳ ಮೆಕ್ಯಾನಿಕ್. ಮಗನೂ ಸ್ಪ್ಯಾನರ್ ಹಿಡಿಯಲಿ ಎಂದು ಅವರ ಆಸೆ. ಮಗನಿಗೆ ಲಾರಿಯ ಇಂಜಿನ್ನಿಗಿಂತ ಲಾರಿಯೊಳಗಿನ ರೇಡಿಯೋ ಮೇಲೆ ಕಣ್ಣು. ಮೂಡಿಗೆರೆಯ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಆರು ವರ್ಷ ಕೈ ಸುಟ್ಟುಕೊಂಡು ಕಲಿತು, ಇಪ್ಪತ್ತಮೂರನೆಯ ವಯಸ್ಸಿಗೆ ಇಲ್ಲಿ ಬಂದು ಬೋರ್ಡು ಹಾಕಿದರು.

ಆಗ ಬಂಗಲೆಗಳಲ್ಲಿ ಹಾಡು ಕೇಳುವುದೆಂದರೆ ಒಂದು ಸಂಸಾರ ಹೂಡಿದ ಹಾಗೆ. ಆಂಪ್ಲಿಫೈಯರ್ ಬೇರೆ, ಟೇಪ್ ಡೆಕ್ ಬೇರೆ, ರೆಕಾರ್ಡ್ ಪ್ಲೇಯರ್ ಬೇರೆ, ಸ್ಪೀಕರುಗಳು ಬೇರೆ, ಇಷ್ಟೂ ಜನರನ್ನು ಕಾಯಲು ಒಂದು ಸ್ಟೆಬಿಲೈಸರ್. ಎಲ್ಲವನ್ನೂ ಹೊಂದಿಸಿ ಕೂರಿಸುವುದು ಸಾಬರ ಕೆಲಸ. ಸ್ಪೀಕರಿನ ಪೆಟ್ಟಿಗೆಯನ್ನು ಅವರೇ ಹಲಸಿನ ಹಲಗೆಯಲ್ಲಿ ಮಾಡುತ್ತಿದ್ದರು. "ಬೇರೆ ಬೇರೆ ಯಾಕೆ ಇರ್ಬೇಕು ಹೇಳಿ? ಒಂದು ಕೆಟ್ರೆ ಒಂದನ್ನೇ ಬಿಚ್ಬಹುದು. ಉಳಿದದ್ದು ಬದುಕಿರ್ತದೆ," ಎನ್ನುತ್ತಿದ್ದರು. ಈ ಮಾತನ್ನು ಅವರು ಹೇಳದ ಮನೆಯೇ ಈ ಸೀಮೆಯಲ್ಲಿಲ್ಲ. ಕೇಳಿ ಕೇಳಿ ಜನರಿಗೆ ಬೇಜಾರು ಬಂದಿದ್ದರೂ ಅವರಿಗೆ ಬಂದಿರಲಿಲ್ಲ.

ಅವರ ಕೆಲಸದಲ್ಲಿ ಎರಡು ಪದ್ಧತಿಗಳಿದ್ದವು. ಸೆಟ್ಟಿನ ಮುಚ್ಚಳ ಬಿಚ್ಚಿದಾಗಲೆಲ್ಲ ಅದರ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಕು, ಮಾಡಿದ ಕೆಲಸ, ಆ ದಿನದ ಹವೆ ಬರೆಯುತ್ತಿದ್ದರು. 'ಫ್ಯೂಸ್ ಹಾಕಿದೆ. ಗುಡುಗು.' 'ಬೆಲ್ಟ್ ಬದಲು. ಬಿಸಿಲು.' ಇನ್ನೊಂದು, ಮಳೆಗಾಲದ ಬಲ್ಬು. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿಯಿಂದ ಹಿಡಿದು ದೇವರ ಪಟದವರೆಗೆ ಎಲ್ಲದಕ್ಕೂ ಬೂಷ್ಟು ಬರುತ್ತದೆ. ಸೆಟ್ಟಿನೊಳಗೆ ತಂಡಿ ಕೂತರೆ ತಾಮ್ರವೆಲ್ಲ ಹಸಿರುಗಟ್ಟಿ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಪ್ರತಿ ವರ್ಷ ಮೇ ಕೊನೆಗೆ ಸಾಬರು ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗಿ, ಸೆಟ್ಟಿನ ಕಪಾಟಿನೊಳಗೆ ಒಂದು ಚಿಕ್ಕ ಬಲ್ಬು ಹಾಕಿ, ಸ್ವಿಚ್ಚು ಒತ್ತಿ, "ಅಕ್ಟೋಬರ್ ತನಕ ಆರಿಸ್ಬೇಡಿ," ಎಂದು ಹೇಳಿ ಬರುತ್ತಿದ್ದರು. ಯಾರೂ ಕರೆಯದಿದ್ದರೂ ಹೋಗುತ್ತಿದ್ದರು. ಅದರ ಕಾವಿಗೆ ಸೆಟ್ಟುಗಳು ಮಳೆಗಾಲ ದಾಟುತ್ತಿದ್ದವು.

ಮತ್ತೆ ಅವರಿಗೆ ಒಂದು ಜಂಬವೂ ಇತ್ತು. ನಲವತ್ತು ವರ್ಷಗಳಲ್ಲಿ ಯಾವ ಗಿರಾಕಿಗೂ 'ಆಗೋದಿಲ್ಲ' ಎಂದವರಲ್ಲ. ತೀರಾ ಕೆಟ್ಟದ್ದನ್ನು ಕಂಡರೂ "ಇರ್ಲಿ, ನೋಡುವ," ಎಂದೇ ಹೇಳುವವರು. ಈ ಜಂಬವೇ ಕೊನೆಗೆ ಅವರನ್ನು ಕೆಡಿಸಿತು.

ಬಾಳೂರಿನ ದೇವರಾಜ ಗೌಡರ ಮನೆಯ ಸೆಟ್ಟು ಸಾಬರ ಕೈಯಲ್ಲಿ ಆದ ಕೆಲಸಗಳಲ್ಲೆಲ್ಲ ಚೆಂದದ್ದು. ಮೂವತ್ತು ವರ್ಷ ದಾಟಿದೆ ಅದನ್ನು ಕೂರಿಸಿ. ಎಲ್ಲ ಜೋಡಿಸಿ, ಹಾಡು ಹಾಕಿ ತೋರಿಸಿ, ಸಾಬರು ಚೀಲ ಕಟ್ಟುವಾಗ ಗೌಡರು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಸಾಬ್ರೆ, ಇದು ಕಣದಲ್ಲೂ ಕೇಳೋ ಹಾಗೆ ಮಾಡಕ್ಕಾಗ್ತದಾ?"

"ಕಣದಲ್ಲಿ ಯಾರು ಕೇಳೋದು ಗೌಡ್ರೆ? ಕಾಫಿ ಬೀಜನಾ?"

ಗೌಡರು ಮುಖ ಬೇರೆ ಕಡೆ ತಿರುಗಿಸಿ, "ಅಲ್ಲ, ಇವಳು ಇಡೀ ದಿನ ಅಲ್ಲೇ ಇರ್ತಾಳಲ್ಲ," ಎಂದರು.

ಕಾಫಿ ಒಣಗಿಸುವ ಕಣ ಮನೆಯಿಂದ ನೂರು ಅಡಿ ಆಚೆ. ಕೊಯ್ಲಿನ ಮೂರು ತಿಂಗಳು ಗೌಡರ ಹೆಂಡತಿ ಅಂಜನಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕಣ ಬಿಟ್ಟು ಕದಲುವವರಲ್ಲ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದ ಬೀಜ, ಎಳೆಯಬೇಕು, ಮಗುಚಬೇಕು, ಮೋಡ ಕಂಡರೆ ರಾಶಿ ಮಾಡಿ ಮುಚ್ಚಬೇಕು. ಹೆಂಡತಿಯ ಎದುರಿಗೆ ನಿಂತು ಒಂದು ಒಳ್ಳೆಯ ಮಾತಾಡಲು ನಾಚುವ ಮನುಷ್ಯ ನೂರಡಿ ವೈರು ಎಳೆಸಿದ. ಸಾಬರು ಕಣದ ಪಕ್ಕದ ಷೆಡ್ಡಿನ ಸೂರಿಗೆ ಒಂದು ಸ್ಪೀಕರು ಕಟ್ಟಿ, ಅದಕ್ಕೆ ತಗಡಿನ ಟೋಪಿ ಹೊದಿಸಿದರು. ಆಂಪ್ಲಿಫೈಯರಿನಲ್ಲಿ ಒಂದು ತಿರುಗುವ ಸ್ವಿಚ್ಚು ಇತ್ತು. ಒಂದು ಕಡೆ ತಿರುಗಿಸಿದರೆ ಹಾಲಿನಲ್ಲಿ ಮಾತ್ರ ಹಾಡು, ಇನ್ನೊಂದು ಕಡೆ ತಿರುಗಿಸಿದರೆ ಹಾಲಿನಲ್ಲೂ ಕಣದಲ್ಲೂ.

ಅಂದಿನಿಂದ ಅದೊಂದು ನೇಮವಾಯಿತು. ಸಂಜೆ ನಾಲ್ಕು ಗಂಟೆಗೆ ಗೌಡರು ಎದ್ದು ಹೋಗಿ ಆ ಸ್ವಿಚ್ಚು ತಿರುಗಿಸುತ್ತಿದ್ದರು. ಕಣದಲ್ಲಿ ಹಾಡು ಬರುತ್ತಿದ್ದ ಹಾಗೆ ಅಂಜನಮ್ಮ ಕೈಯಲ್ಲಿದ್ದ ಮರದ ಗೋರೆಯನ್ನು ಆಳಿನ ಕೈಗೆ ಕೊಟ್ಟು ಒಳಗೆ ಬರುತ್ತಿದ್ದರು. ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದರು. ಕೊಯ್ಲು ಮುಗಿದ ಮೇಲೂ, ಕಣದಲ್ಲಿ ಮೆಣಸೋ ಅಡಿಕೆಯೋ ಏನೋ ಒಂದು ಒಣಗುವಾಗಲೂ, ಏನೂ ಇಲ್ಲದೆ ಅಂಜನಮ್ಮ ಹೂವಿನ ಗಿಡಗಳ ಹತ್ತಿರ ಇರುವಾಗಲೂ ನಾಲ್ಕಕ್ಕೆ ಹಾಡು. ಕರೆಯಬೇಕಾದ್ದೇ ಇರಲಿಲ್ಲ.

ಸೆಟ್ಟು ಇದ್ದದ್ದು ಹಾಲಿನ ಒಳಮೂಲೆಯಲ್ಲಿ. ಅಲ್ಲಿಗೆ ಕಿಟಕಿಯ ಬೆಳಕು ಮುಟ್ಟುವುದಿಲ್ಲ. ಆದ್ದರಿಂದ ಸಾಬರು ಮುಚ್ಚಳ ಬಿಚ್ಚಿದಾಗಲೆಲ್ಲ ಟಾರ್ಚ್ ಹಿಡಿಯುವ ಕೆಲಸ ಅಂಜನಮ್ಮನದು. ಅವರು ಸುಮ್ಮನೆ ಹಿಡಿಯುವವರಲ್ಲ. "ಇದು ಎಂತದು ಸಾಬ್ರೆ, ಡಬ್ಬಿ ತರ ನಿಂತಿರೋದು?" "ಅದು ಕೆಪಾಸಿಟರು ಅಮ್ಮ." "ಈ ಕೆಂಪು ವೈರು ಎಲ್ಲಿಗೆ ಹೋಗೋದು?" "ಅದು ನಿಮ್ಮ ಕಣಕ್ಕೇ ಹೋಗೋದು." ಹೀಗೆ ನಡೆಯುತ್ತಿತ್ತು. ಬರಬರುತ್ತಾ ಸಾಬರು ಕೈ ಚಾಚುವ ಮೊದಲೇ ಟಾರ್ಚಿನ ಬೆಳಕು ಆ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಸಾಬರು ಅದನ್ನು ಗಮನಿಸಿದ್ದರೋ ಇಲ್ಲವೋ, ಹೆಚ್ಚು ತಲೆಗೆ ಹಾಕಿಕೊಂಡಿರಲಿಲ್ಲ. ಟಾರ್ಚ್ ಹಿಡಿಯುವವರನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ.

ಎರಡು ವರ್ಷದ ಹಿಂದೆ ಗೌಡರಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಸೋತವು. ಮಾತು ಹೋಯಿತು. ಚಿಕ್ಕಮಗಳೂರಿನ ಡಾಕ್ಟರು, "ದಿನಾ ಎದ್ದು ನಾಲ್ಕು ಹೆಜ್ಜೆ ನಡೀಲೇಬೇಕು. ಕೂತ್ರೆ ಕೂತೇ ಬಿಡ್ತಾರೆ," ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಗೌಡರು ಯಾರ ಮಾತೂ ಕೇಳಲಿಲ್ಲ. ಕೋಲು ಕೊಟ್ಟರೆ ಬಿಸಾಡಿದರು. ನಡೆಸಲು ಬಂದವನನ್ನು ಎಡಗೈಯಲ್ಲಿ ದೂಡಿದರು. ಅಂಜನಮ್ಮ ಬೇಡಿಕೊಂಡರು, ಗದರಿದರು, ಅತ್ತರು. ಏನೂ ಆಗಲಿಲ್ಲ.

ಒಂದು ದಿನ ನಾಲ್ಕು ಗಂಟೆಗೆ ಅವರು ತಾವಾಗಿ ಎದ್ದರು. ಕುರ್ಚಿಯ ಕೈ ಹಿಡಿದು, ಗೋಡೆ ಹಿಡಿದು, ಕಾಲು ಎಳೆಯುತ್ತಾ ಹನ್ನೆರಡು ಹೆಜ್ಜೆ ನಡೆದು ಸೆಟ್ಟಿನ ಮುಂದೆ ನಿಂತರು. ಎಡಗೈಯಿಂದ ಸ್ಟೆಬಿಲೈಸರ್ ಹಾಕಿದರು. ಮುಳ್ಳು ಮೇಲೇಳುವವರೆಗೆ ಕಾದರು. ಆಂಪ್ಲಿಫೈಯರ್, ಆಮೇಲೆ ಡೆಕ್ಕು, ಕೊನೆಗೆ ಆ ತಿರುಗುವ ಸ್ವಿಚ್ಚು. ಕಣದಲ್ಲಿದ್ದ ಅಂಜನಮ್ಮ ಹಾಡು ಕೇಳಿದ್ದೇ ಗೋರೆ ಅಲ್ಲೇ ಬಿಟ್ಟು ಓಡಿ ಬಂದರು. ಗೌಡರು ಸೆಟ್ಟು ಹಿಡಿದು ನಿಂತೇ ಇದ್ದರು, ಹಣೆಯಲ್ಲಿ ಬೆವರು.

ಅಲ್ಲಿಂದ ಒಂದು ದಿನವೂ ತಪ್ಪಲಿಲ್ಲ. ಹೋಗಲು ಹನ್ನೆರಡು ಹೆಜ್ಜೆ, ಬರಲು ಹನ್ನೆರಡು ಹೆಜ್ಜೆ. ಅಂಜನಮ್ಮ ಫೋನಿನಲ್ಲಿ, "ನಿಮ್ಮ ಸೆಟ್ಟೇ ಇವ್ರಿಗೆ ಡಾಕ್ಟ್ರು, ಸಾಬ್ರೆ," ಎಂದಾಗ ಸಾಬರು ಆ ಮಾತನ್ನು ಮನೆಯಲ್ಲಿ ಮೂರು ಸಲ, ಅಂಗಡಿಯಲ್ಲಿ ಆರು ಸಲ ಹೇಳಿಕೊಂಡು ಓಡಾಡಿದರು.

ಅದೇ ಹೊತ್ತಿಗೆ ಸಾಬರ ಕಣ್ಣಿಗೆ ಮಂಜು ಕವಿಯತೊಡಗಿತ್ತು. ಎರಡೂ ಕಣ್ಣಿಗೆ ಪೊರೆ. ಘಾಟಿಯ ಮಂಜಾದರೆ ಹತ್ತು ಗಂಟೆಗೆ ಎದ್ದು ಹೋಗುತ್ತದೆ, ಇದು ಹೋಗಲಿಲ್ಲ. ಬೆಸುಗೆ ಹಾಕಲು ಹೋದರೆ ಕಾದ ಕಡ್ಡಿ ಬೆರಳಿಗೆ ತಾಗುತ್ತಿತ್ತು. ಹೆಂಡತಿ ಕುಲ್ಸುಮ್ ಒಂದು ದಿನ ಅವರು ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುವುದನ್ನು ನೋಡಿದರು.

"ಆಪರೇಷನ್ ಮಾಡಿಸ್ಕೊಳ್ಳಿ ಅಂದ್ರೆ ಕೇಳಲ್ವಲ್ಲ ನೀವು."

"ಮಳೆ ಮುಗೀಲಿ."

"ಹೋದ ವರ್ಷನೂ ಮಳೆ ಮುಗೀಲಿ ಅಂದ್ರಿ. ಮಳೆ ಮುಗೀತು, ನಿಮ್ಮ ನೆಪ ಮುಗೀಲಿಲ್ಲ."

ಹೆದರಿಕೆ ಆಪರೇಷನ್ನಿನದಲ್ಲ. ಜಿಯಾ ಸಾಬರಿಗೆ ಕಣ್ಣು ಹೋಯಿತು ಎಂಬ ಸುದ್ದಿ ಕೊಟ್ಟಿಗೆಹಾರದಿಂದ ಕಳಸಕ್ಕೆ ಬಸ್ಸಿಗಿಂತ ಮೊದಲು ಮುಟ್ಟುತ್ತದೆ, ಆಮೇಲೆ ಸೆಟ್ಟು ಬಿಚ್ಚಲು ಯಾರು ಕರೆಯುತ್ತಾರೆ ಎಂಬ ಹೆದರಿಕೆ. ಕರೆಯುವವರೇ ನಾಲ್ಕು ಮನೆ ಉಳಿದಿದ್ದರು. ಅದಕ್ಕೇ ಅವರು ಹೋದ ವರ್ಷದ ಮೇ ತಿಂಗಳಲ್ಲಿ ಮಳೆಗಾಲದ ಬಲ್ಬು ಹಾಕಲು ಎಲ್ಲಿಗೂ ಹೋಗಲಿಲ್ಲ. ಕೇಳಿದವರಿಗೆ ರಸ್ತೆ ಜರಿದಿದೆ ಎಂದರು. ರಸ್ತೆ ಜರಿದದ್ದು ಜುಲೈನಲ್ಲಿ.

ಡಿಸೆಂಬರಿನಲ್ಲಿ, ಕಣದ ತುಂಬ ಅರೇಬಿಕಾ ಕಾಫಿ ಹರಡಿದ್ದ ಹೊತ್ತಿನಲ್ಲಿ, ಗೌಡರ ಸೆಟ್ಟು ನಿಂತುಹೋಯಿತು. ಅಂಜನಮ್ಮ ಫೋನ್ ಮಾಡಿದರು. ಸಾಬರು ಕಳಸದ ಬಸ್ಸು ಹತ್ತಿ ಬಾಳೂರಿನಲ್ಲಿಳಿದರು. ಗೌಡರು ಕುರ್ಚಿಯಲ್ಲಿ ಕೂತಿದ್ದರು. ಸಾಬರನ್ನು ಕಂಡು ಅವರ ಮುಖ ಅರಳಿತು, ಎಡಗೈ ಸೆಟ್ಟಿನ ಕಡೆ ತೋರಿಸಿತು.

"ನೋಡುವ ಗೌಡ್ರೆ, ನೋಡುವ," ಎಂದು ಸಾಬರು ಮುಚ್ಚಳ ಬಿಚ್ಚಿದರು.

ಒಳಗೆ ಏನೂ ಕಾಣಲಿಲ್ಲ. ಕಂಡದ್ದು ಬರೀ ಕಂದು ಬಣ್ಣದ ಮೋಡ, ಅದರಲ್ಲಿ ಅಲ್ಲಲ್ಲಿ ಹೊಳಪು. ಮೀಟರ್ ಇಟ್ಟರೆ ಅದರ ಮುಳ್ಳು ಎರಡಾಗಿ ಕಂಡಿತು. ಮೂವತ್ತು ವರ್ಷ ಕಣ್ಣು ಮುಚ್ಚಿ ಬಿಚ್ಚಬಲ್ಲೆ ಎಂದು ಹೇಳಿಕೊಂಡ ಸೆಟ್ಟು, ಈಗ ಕಣ್ಣು ತೆರೆದರೂ ತಿಳಿಯದಾಯಿತು. ಅಂಜನಮ್ಮ ಎಂದಿನಂತೆ ಪಕ್ಕದಲ್ಲಿ ಟಾರ್ಚ್ ಹಿಡಿದು ಬಗ್ಗಿದ್ದರು.

"ಸಾಬ್ರೆ, ಆ ತಿರುಗೋ ಸ್ವಿಚ್ಚಿನ ಹಿಂದೆ ಎಂತದೋ ಹಸಿರು ಕಟ್ಟಿದ ಹಾಗಿದೆಯಲ್ಲ."

ಸಾಬರಿಗೆ ಹಸಿರೂ ಕಾಣಲಿಲ್ಲ, ಸ್ವಿಚ್ಚೂ ಕಾಣಲಿಲ್ಲ. ಎಲ್ಲಿ ಎಂದು ಕೇಳಿದ್ದರೆ ಗುಟ್ಟು ಬಯಲಾಗುತ್ತಿತ್ತು.

"ಅದು ಹಾಗೇ ಇರೋದು ಅಮ್ಮ. ನಿಮಗೆ ಗೊತ್ತಾಗಲ್ಲ," ಎಂದರು. ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು.

ಸ್ವಲ್ಪ ಹೊತ್ತು ಸಾಬರು ಸ್ಕ್ರೂಡ್ರೈವರಿನಿಂದ ಅಲ್ಲಿ ಇಲ್ಲಿ ಮುಟ್ಟಿದ ಹಾಗೆ ಮಾಡಿದರು. ಆಮೇಲೆ ಜೀವಮಾನದಲ್ಲಿ ಹೇಳದ ಮಾತನ್ನು ಹೇಳಿದರು. "ಇದು ಆಗೋದಿಲ್ಲ ಅಮ್ಮ. ಇದರ ಐಸಿ ಸುಟ್ಟಿದೆ. ಈಗ ಅದು ಎಲ್ಲೂ ಸಿಗಲ್ಲ."

"ಒಂದು ಕೆಟ್ರೆ ಒಂದನ್ನೇ ಬಿಚ್ಬಹುದು ಅಂತಿದ್ರಲ್ಲ ನೀವು?"

"ಬಿಚ್ಬಹುದು. ಹಾಕಕ್ಕೆ ಬೇಕಲ್ಲ." ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಾಬರು ಮುಂದುವರಿದರು. "ಉಬೈದ್ ಹತ್ರ ಹೊಸಾದು ಬಂದಿದೆ. ಎಲ್ಲಾ ಒಂದೇ ಪೆಟ್ಟಿಗೇಲಿ. ವೈರಿಲ್ಲ, ಎಂತಾ ಇಲ್ಲ. ಗೌಡ್ರ ಪಕ್ಕದಲ್ಲೇ ಇಡಬಹುದು. ಪಾಪ, ಅವರು ಏಳೋದೂ ಬೇಡ."

ಮಾರನೆಯ ದಿನ ಉಬೈದ್ ಹೋಗಿ ಹೊಸ ಪೆಟ್ಟಿಗೆಯನ್ನು ಗೌಡರ ಕುರ್ಚಿಯ ಪಕ್ಕದ ಟೀಪಾಯಿಯ ಮೇಲಿಟ್ಟು, ಅಂಜನಮ್ಮನ ಫೋನಿಗೆ ಜೋಡಿಸಿ ಬಂದ. ಬರುವಾಗ ಹಳೆಯ ಸೆಟ್ಟನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ. 'ಬಿಡಿಭಾಗ ಯಾವುದಾದರೂ ಅಪ್ಪನಿಗೆ ಉಪಯೋಗಕ್ಕೆ ಬರಲಿ' ಎಂದು ಅಂಜನಮ್ಮ ಕೊಟ್ಟು ಕಳಿಸಿದ್ದರು. ಸಾಬರು ಅದನ್ನು ಮೇಜಿನ ಕೆಳಗೆ ತಳ್ಳಿ ಗೋಣಿಚೀಲ ಮುಚ್ಚಿದರು. ಮುಚ್ಚಳದ ಒಳಗೆ ಆ ದಿನದ ತಾರೀಕು ಬರೆದಿರಲಿಲ್ಲ. ಬರೆಯಲು ಏನಿತ್ತು?

ಸುಳ್ಳು ಹೇಳಬಾರದು, ಹೊಸ ಪೆಟ್ಟಿಗೆ ಚೆನ್ನಾಗಿಯೇ ಹಾಡುತ್ತದೆ. ಸಾಬರೇ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಂಥದ್ದೇ ಒಂದನ್ನು ಹಾಕಿಸಿಕೊಂಡು ಕೇಳಿದರು. ಹಾಡು ನಿಂತ ಜಾಗದಲ್ಲಿ ಪೂರ್ತಿ ಮೌನ. ಹಳೆಯ ಸೆಟ್ಟುಗಳಲ್ಲಿ ಹಾಡಿನ ಹಿಂದೆ ಸದಾ ಒಂದು ಗುಂಯ್ ಎನ್ನುವ ಸದ್ದು ಇರುತ್ತದೆ. ಅದನ್ನು ಓಡಿಸಲು ಅವರು ವೈರು ಬದಲಿಸಿ, ಅರ್ಥಿಂಗ್ ಬದಲಿಸಿ, ನಲವತ್ತು ವರ್ಷ ಒದ್ದಾಡಿದ್ದರು. ಇದರಲ್ಲಿ ಆ ಸದ್ದು ಹುಟ್ಟಿಯೇ ಇರಲಿಲ್ಲ.

"ಹೆಂಗಿದೆ ಅಬ್ಬಾ?" ಎಂದು ಉಬೈದ್ ಕೇಳಿದ.

"ಚೆನ್ನಾಗಿದೆ ಮಾರಾಯ. ಕೆಟ್ರೆ ಎಂತ ಮಾಡ್ತಿ?"

"ಬಿಸಾಡೋದು."

ಸಾಬರು ಇದಕ್ಕೆ ಬಯ್ಯಬೇಕಾಗಿತ್ತು. ಬೇರೆ ದಿನವಾಗಿದ್ದರೆ ಬಯ್ಯುತ್ತಿದ್ದರು. ಅವತ್ತು ಮೇಜಿನ ಕೆಳಗಿನ ಗೋಣಿಚೀಲ ನೆನಪಾಗಿ ಬಾಯಿಗೆ ಬೀಗ ಬಿತ್ತು.

ಫೆಬ್ರವರಿ ಕೊನೆಗೆ ಅಂಜನಮ್ಮ ಕೊಟ್ಟಿಗೆಹಾರಕ್ಕೆ ಬಂದರು. ಚಾರ್ಜರಿನ ವೈರು ಬೇಕಿತ್ತಂತೆ. ಉಬೈದ್ ವೈರು ಹುಡುಕುವಾಗ ಅವರು ಹಿಂದಿನ ಅರ್ಧಕ್ಕೆ ಬಂದು ಇನ್ನೊಂದು ಸ್ಟೂಲಿನ ಮೇಲೆ ಕೂತರು. ಸೊರಗಿದ್ದರು. ಸಾಬರಿಗೆ ಮುಖ ಸರಿಯಾಗಿ ಕಾಣದಿದ್ದರೂ ದನಿಯಲ್ಲಿ ಗೊತ್ತಾಯಿತು.

"ಗೌಡ್ರು ಹೆಂಗಿದ್ದಾರೆ ಅಮ್ಮ? ಹಾಡು ಕೇಳ್ತಾರಾ?"

"ಕೇಳ್ತಾರೆ. ನಾನು ಫೋನಲ್ಲಿ ಹಾಕ್ತೀನಿ, ಅವರು ಕೇಳ್ತಾರೆ. ಯಾರಾದ್ರೂ ಫೋನ್ ಮಾಡಿದ್ರೆ ಹಾಡು ನಿಲ್ತದೆ. ಒಳಗಿಂದ ಯಾವಳೋ ಒಬ್ಬಳು ಇಂಗ್ಲಿಷಲ್ಲಿ ಎಂತದೋ ಹೇಳ್ತಾಳೆ, ಇವರು ಬೆಚ್ಚಿ ಬೀಳ್ತಾರೆ." ಅಂಜನಮ್ಮ ನಕ್ಕರು. ನಗು ಬೇಗ ಮುಗಿಯಿತು. "ಮೊದಮೊದಲು ನಾಲ್ಕು ಗಂಟೆಗೆ ಎದ್ದು ಆ ಮೂಲೆಗೇ ಹೋಗ್ತಿದ್ರು. ಅಲ್ಲಿ ಎಂತಾ ಇಲ್ಲ ಅಂತ ನೋಡಿ ವಾಪಸ್ ಬರ್ತಿದ್ರು. ಒಂದು ಎಂಟು ಹತ್ತು ದಿನ. ಆಮೇಲೆ ಹೋಗಲಿಲ್ಲ. ಈಗ ಏಳೋದೇ ಇಲ್ಲ ಸಾಬ್ರೆ. ಬಾತ್‌ರೂಮಿಗೆ ಕರ್ಕೊಂಡ್ ಹೋಗಕ್ಕೂ ಇಬ್ಬರು ಬೇಕು."

"ಅದನ್ನ ಕಣಕ್ಕೆ ತಗೊಂಡು ಹೋಗಬಹುದಲ್ಲ, ವೈರಿಲ್ಲದ್ದು..."

"ತಗೊಂಡು ಹೋಗಿದ್ದೆ. ಕಣದಲ್ಲಿ ನಾನು ಕೇಳಿದ್ರೆ ಒಳಗೆ ಅವರಿಗೆ ಇಲ್ಲ. ಒಬ್ಬಳೇ ಕೂತು ಕೇಳಕ್ಕೆ ನನಗೆ ಎಂತಕ್ಕೆ ಹಾಡು? ವಾಪಸ್ ತಂದಿಟ್ಟೆ."

ಅವರು ಹೋದ ಮೇಲೆ ಸಾಬರಿಗೆ ಡಿಸೆಂಬರಿನಲ್ಲಿ ತಾವಾಡಿದ ಮಾತು ನೆನಪಾಯಿತು. ಏಳುವ ಕಷ್ಟ ಬೇಡ ಎಂದು ಹೇಳಿದ್ದು ತಾವೇ. ಕೈಗೆ ಸಿಗುವ ಹಾಗೆ ಪಕ್ಕದಲ್ಲಿಡಿ ಎಂದದ್ದೂ ತಾವೇ. ಆ ಮನುಷ್ಯನನ್ನು ದಿನಾ ಎಬ್ಬಿಸುತ್ತಿದ್ದದ್ದು ಆ ಹನ್ನೆರಡು ಹೆಜ್ಜೆಯ ದೂರವೇ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ತಮಗೆ ತಿಳಿದಿತ್ತು. ಒಂಬತ್ತು ಸಲ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರಲ್ಲ! ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಆ ಸಂಜೆ ಮನೆಗೆ ಹೋದವರೇ ಕುಲ್ಸುಮ್‌ಗೆ, "ಆಸ್ಪತ್ರೆಗೆ ಹೋಗುವ," ಎಂದರು. ಕುಲ್ಸುಮ್ ಏನಾಯಿತೆಂದು ಕೇಳಲಿಲ್ಲ, ಎಲ್ಲಿ ಮನಸ್ಸು ಬದಲಾದೀತೋ ಎಂದು ಆಗಲೇ ಬಟ್ಟೆ ಜೋಡಿಸಿಕೊಂಡರು.

ಮಾರ್ಚಿನಲ್ಲಿ ಒಂದು ಕಣ್ಣು, ಮೂರು ವಾರ ಬಿಟ್ಟು ಇನ್ನೊಂದು ಕಣ್ಣು. ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟಗಳೆಲ್ಲ ಬೆಳ್ಳಗಾದದ್ದನ್ನು ಸಾಬರು ಎರಡು ವರ್ಷದ ಮೇಲೆ ಸರಿಯಾಗಿ ಕಂಡರು. ಅಂಗಡಿಯ ಧೂಳೂ ಕಂಡಿತು. ಡಾಕ್ಟರು ಕೆಲಸ ಮಾಡಬಹುದು ಎಂದ ದಿನವೇ ಗೋಣಿಚೀಲ ತೆಗೆದು, ಗೌಡರ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದರು.

ಹುಡುಕಬೇಕಾಗಲೇ ಇಲ್ಲ. ತಿರುಗುವ ಸ್ವಿಚ್ಚಿನ ಹಿಂದೆ, ತಾಮ್ರದ ನಾಲಿಗೆಗಳ ಮೇಲೆ, ಪಾಚಿಯ ಹಾಗೆ ಹಸಿರು ಕಟ್ಟಿತ್ತು. ಒಂದು ಮಳೆಗಾಲ ಬಲ್ಬಿಲ್ಲದೆ ಕಳೆದ ಸೆಟ್ಟಿಗೆ ಆಗುವುದೇ ಅದು. ಐಸಿ ಸುಟ್ಟಿರಲಿಲ್ಲ. ಯಾವುದೂ ಸುಟ್ಟಿರಲಿಲ್ಲ. ಸಾಬರು ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದರು. ಇಪ್ಪತ್ತು ನಿಮಿಷದ ಕೆಲಸ. ಸ್ಪೀಕರ್ ಜೋಡಿಸಿ ಸ್ವಿಚ್ಚು ತಿರುಗಿಸಿದಾಗ ಹಾಡು ಬಂತು, ಅದರ ಹಿಂದೆ ಅದೇ ಹಳೆಯ ಗುಂಯ್ ಸದ್ದೂ ಬಂತು.

ಮುಂದಿನ ಅರ್ಧದಿಂದ ಉಬೈದ್ ಇಣುಕಿದ. "ಸುಟ್ಟಿದೆ ಅಂದಿದ್ರಲ್ಲ ಅಬ್ಬಾ?"

"ಜೀಪ್ ತೆಗಿ," ಎಂದರು ಸಾಬರು.

ಬಾಳೂರು ಮುಟ್ಟಿದಾಗ ಮೂರೂವರೆ. ಕಣ ಗುಡಿಸಿ ಖಾಲಿಯಾಗಿತ್ತು. ಗೌಡರು ಅದೇ ಕುರ್ಚಿಯಲ್ಲಿದ್ದರು, ಆದರೆ ಕುರ್ಚಿಯೇ ದೊಡ್ಡದಾದ ಹಾಗೆ ಕಂಡಿತು. ಕಾಲುಗಳು ಕಡ್ಡಿಯಾಗಿದ್ದವು. ಇಷ್ಟು ಚೆನ್ನಾಗಿ ಕಾಣದೆ ಇದ್ದಿದ್ದರೇ ಒಳ್ಳೆಯದಿತ್ತು ಎಂದು ಸಾಬರಿಗೆ ಅನ್ನಿಸಿತು. ಅವರೂ ಉಬೈದನೂ ಸೇರಿ ಸೆಟ್ಟನ್ನು ಹಳೆಯ ಮೂಲೆಯಲ್ಲೇ ಕೂರಿಸಿದರು. ಗೋಡೆಯ ತೂತಿನಲ್ಲಿ ಕಣದ ಕೆಂಪು ವೈರು ಇನ್ನೂ ಹಾಗೇ ಇತ್ತು. ಕಪಾಟಿನೊಳಗೆ ಹೊಸ ಬಲ್ಬೂ ಹಾಕಿದರು. ಅಂಜನಮ್ಮ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಟಾರ್ಚ್ ಬೇಕಾ ಎಂದು ಕೇಳಲಿಲ್ಲ.

ನಾಲ್ಕು ಹೊಡೆಯಿತು. ಎಲ್ಲರೂ ಗೌಡರ ಕಡೆ ನೋಡಿದರು. ಗೌಡರು ಸೆಟ್ಟನ್ನೇ ನೋಡುತ್ತಿದ್ದರು. ಎಡಗೈ ಕುರ್ಚಿಯ ಕೈಯನ್ನು ಹಿಡಿಯಿತು, ಭುಜ ಒಂದಿಷ್ಟು ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಇನ್ನೊಂದು ಸಲ ಹಾಗೇ ಆಯಿತು. ಮೂರನೆಯ ಸಲ ಅವರು ಪ್ರಯತ್ನ ಮಾಡಲಿಲ್ಲ. ಸಾಬರು ಕಾದು ಕಾದು ಕೊನೆಗೆ ತಾವೇ ಸ್ಟೆಬಿಲೈಸರ್ ಹಾಕಿ, ಮುಳ್ಳು ಏಳುವವರೆಗೆ ನಿಂತು, ಒಂದೊಂದಾಗಿ ಎಲ್ಲ ಹಾಕಿ ಸ್ವಿಚ್ಚು ತಿರುಗಿಸಿದರು. ಹಾಲಿನಲ್ಲೂ ಕಣದಲ್ಲೂ ಒಟ್ಟಿಗೇ ಹಾಡು ಎದ್ದಿತು. ಕುರ್ಚಿಯ ಕೈಯ ಮೇಲೆ ಗೌಡರ ಎಡಗೈ ಬೆರಳುಗಳು ಸ್ವಿಚ್ಚು ತಿರುಗಿಸುವ ಹಾಗೆ ಮೆಲ್ಲಗೆ ಒಂದು ಸುತ್ತು ತಿರುಗಿ ನಿಂತವು. ಕಣ್ಣಿಂದ ನೀರು ಇಳಿಯುತ್ತಿತ್ತು. ಅಂಜನಮ್ಮ ಸೆರಗಿನಿಂದ ಅದನ್ನು ಒರೆಸಿದರು.

ಸಾಬರು ಚೀಲ ಕಟ್ಟುವಾಗ ಅಂಜನಮ್ಮ ಕೇಳಿದರು. "ಐಸಿ ಎಲ್ಲಿ ಸಿಕ್ತು ಸಾಬ್ರೆ?"

ಹಾಸನದಲ್ಲಿ ಸಿಕ್ಕಿತು ಎನ್ನಬಹುದಿತ್ತು. ಬೆಂಗಳೂರಿಂದ ತರಿಸಿದೆ ಎನ್ನಬಹುದಿತ್ತು. ದಾರಿಯುದ್ದಕ್ಕೂ ಎರಡನ್ನೂ ಮನಸ್ಸಿನಲ್ಲಿ ಹೇಳಿ ನೋಡಿಕೊಂಡೇ ಬಂದಿದ್ದರು.

"ಐಸಿ ಸುಟ್ಟಿರಲಿಲ್ಲ ಅಮ್ಮ," ಎಂದರು. "ಸ್ವಿಚ್ಚಿಗೆ ಹಸಿರು ಕಟ್ಟಿತ್ತು. ಅಷ್ಟೇ. ನನಗೆ ಆವಾಗ ಕಣ್ಣು ಕಾಣ್ತಿರಲಿಲ್ಲ. ಹೇಳ್ಕೊಳ್ಳಕ್ಕೆ ನಾಚಿಕೆಯಾಯ್ತು. ಸುಳ್ಳು ಹೇಳ್ದೆ."

ಅಂಜನಮ್ಮ ಗಂಡನ ಕಾಲಿನ ಮೇಲೆ ಜಾರಿದ್ದ ಶಾಲನ್ನು ಸರಿಮಾಡುತ್ತಿದ್ದರು. ಪೂರ್ತಿ ಸರಿಮಾಡಿ ಮುಗಿಸಿ ಎದ್ದು ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ಸಾಬರಿಗೆ ಹಗುರಾಗುತ್ತಿತ್ತು.

"ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ನೋಡಿ ಹೇಳ್ತಿದ್ನಲ್ಲ ಸಾಬ್ರೆ. ಹೇಳಿದೆ ಕೂಡ. ಮೂವತ್ತು ವರ್ಷ ಟಾರ್ಚ್ ಹಿಡ್ಕೊಂಡು ನಾನು ಮತ್ತೆಂತ ನೋಡ್ತಿದ್ದೆ ಅಂದ್ಕೊಂಡ್ರಿ?"

ಕಾಫಿ ತರುತ್ತೇನೆ ಎಂದು ಅಂಜನಮ್ಮ ಒಳಗೆ ಹೋದರು. ಹೊರಗೆ ಕಣದ ಸ್ಪೀಕರು ಹಾಡುತ್ತಲೇ ಇತ್ತು, ಕಣದಲ್ಲಿ ಯಾರೂ ಇರಲಿಲ್ಲ.